ಭುಜಕ್ಕೆ ಪೆಟ್ಟಾದಾಗ ಬಾಕ್ಸಿಂಗ್ ಅಭ್ಯಾಸವನ್ನು ಉಳಿಸಿಕೊಳ್ಳುವ ಬಗೆ

ನನ್ನ ಬಲಭುಜ ಕೆಟ್ಟದ್ದು ಎದುರಾಳಿಯ ಏಟಿನಿಂದಲ್ಲ, ನನ್ನದೇ ಏಟು ಗುರಿ ತಪ್ಪಿದ್ದರಿಂದ. ದಾವಣಗೆರೆಯ ಹಳೆಯ ಊರಿನಲ್ಲಿ, ಒಂದು ಕಾಲಕ್ಕೆ ಕುಸ್ತಿಯ ಗರಡಿಯಾಗಿದ್ದ ಕೊಠಡಿಯೊಂದರಲ್ಲಿ, ಸಂಜೆಯ ಸ್ಪಾರಿಂಗ್‌ನ, ಅಂದರೆ ಜೊತೆಗಾರನೊಡನೆ ಆಡುವ ಅಭ್ಯಾಸದ ಕಾದಾಟದ, ಎರಡನೆಯ ಸುತ್ತಿನಲ್ಲಿ, ಮೈಯ ಬಲವನ್ನೆಲ್ಲ ಹಾಕಿ ಎಸೆದ ಕ್ರಾಸ್ (ಹಿಂಗೈಯ ನೇರ ಏಟು) ಎದುರಿನ ಹುಡುಗನ ಕಿವಿಯ ಪಕ್ಕದಿಂದ ಬರಿಯ ಗಾಳಿಗೆ ಹೋಯಿತು. ಅದೇ ಕ್ಷಣದಲ್ಲಿ ಭುಜದ ಹಿಂಬದಿಯಲ್ಲಿ ಒದ್ದೆ ಬಟ್ಟೆಯನ್ನು ಹರಿದಂತೆ ಏನೋ ಸೆಳೆಯಿತು. ಮರುದಿನ ಬೆಳಿಗ್ಗೆ ಅಂಗಿಯ ತೋಳಿಗೆ ಕೈ ತೂರಿಸಲು ಆಗಲಿಲ್ಲ. ಆಮೇಲೆ ಹತ್ತು ದಿನ ಏನನ್ನೂ ಮಾಡದೆ ಮಲಗಿದೆ, ಹನ್ನೊಂದನೆಯ ದಿನ ನೋವು ಇಳಿದಂತೆ ಕಂಡದ್ದೇ ತಡ ಎಲ್ಲವನ್ನೂ ಮಾಡಲು ಹೋದೆ. ಎರಡೂ ತಪ್ಪಾಗಿದ್ದವು. ಹಾಗೆ ಕಳೆದುಕೊಂಡ ತಿಂಗಳುಗಳಲ್ಲಿ ಕಲಿತದ್ದನ್ನು, ಅನಂತರ ನನ್ನಂತೆಯೇ ಭುಜ ಕೆಡಿಸಿಕೊಂಡು ಬಂದ ಹುಡುಗರ ಜೊತೆ ಕೆಲಸ ಮಾಡಿ ತಿದ್ದಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಾಳಿಗೆ ಹೋದ ಏಟು ಭುಜವನ್ನು ಏಕೆ ಕೆಡಿಸುತ್ತದೆ ಎಂಬುದು ಅರ್ಥವಾದರೆ ಮುಂದಿನ ಅಭ್ಯಾಸದ ಕ್ರಮ ತಾನಾಗಿಯೇ ಅರ್ಥವಾಗುತ್ತದೆ. ಶಾಲೆಯ ಆಟೋಟದ ದಿನ ಮಕ್ಕಳು ಬಾಯಲ್ಲಿ ಕಚ್ಚಿ ಓಡುವ ಚಮಚದ ಮೇಲೆ ನಿಂಬೆಹಣ್ಣು ಕೂತಿರುತ್ತದಲ್ಲ, ತೋಳಿನ ಮೂಳೆಯ ದುಂಡನೆಯ ತಲೆ ರೆಕ್ಕೆ ಮೂಳೆಯ ಆಳವಿಲ್ಲದ ಗುಳಿಯ ಮೇಲೆ ಹಾಗೆಯೇ ಕೂತಿರುತ್ತದೆ. ಅದನ್ನು ಜಾರದಂತೆ ಹಿಡಿದಿಡುವ ಮುಖ್ಯ ಕೆಲಸ ರೊಟೇಟರ್ ಕಫ್ ಎಂದು ಕರೆಯುವ ನಾಲ್ಕು ಸಣ್ಣ ಸ್ನಾಯುಗಳದ್ದು ಮತ್ತು ಅವುಗಳ ರಜ್ಜುಗಳದ್ದು. ಮುಷ್ಟಿ ತೂಗುಹಾಕಿದ ಭಾರದ ಬ್ಯಾಗಿಗೆ ತಗುಲಿದಾಗ ಅದರ ವೇಗವನ್ನು ಬ್ಯಾಗು ತಾನೇ ನುಂಗಿಕೊಳ್ಳುತ್ತದೆ. ಏನಕ್ಕೂ ತಗುಲದೆ ಹೋದಾಗ ಆ ವೇಗವನ್ನೆಲ್ಲ ತಡೆದು ಕೈಯನ್ನು ಹಿಂದಕ್ಕೆ ತರಬೇಕಾದವು ಭುಜದ ಹಿಂಬದಿಯ ಈ ಸಣ್ಣ ಸ್ನಾಯುಗಳೇ; ಲಾರಿಗೆ ಸೈಕಲ್ಲಿನ ಬ್ರೇಕು ಹಾಕಿದಂತೆ. ಆದುದರಿಂದ ಚೇತರಿಸಿಕೊಳ್ಳುತ್ತಿರುವ ಭುಜಕ್ಕೆ ಅತಿ ಕಠಿಣವಾದ ಕೆಲಸ ಬ್ಯಾಗನ್ನು ಹೊಡೆಯುವುದಲ್ಲ, ಪೂರ್ಣ ವೇಗದಲ್ಲಿ ಗಾಳಿಗೆ ಹೊಡೆಯುವುದು. ‘ಇನ್ನೂ ನೋವಿದೆ, ಬ್ಯಾಗು ಬೇಡ, ಬರೀ ಶ್ಯಾಡೋ ಮಾಡುತ್ತೇನೆ’ ಎಂದು ಎದುರಾಳಿಯಿಲ್ಲದೆ ಗಾಳಿಗೆ ಹೊಡೆಯುವ ಅಭ್ಯಾಸಕ್ಕೆ ಇಳಿಯುವವರು ಹಗುರವಾದದ್ದನ್ನು ಬಿಟ್ಟು ಭಾರವಾದದ್ದನ್ನೇ ಎತ್ತಿಕೊಂಡಿರುತ್ತಾರೆ.

ಮೊದಲು ಗಾಯ ಯಾವುದೆಂದು ತಿಳಿಯಬೇಕು

ಭುಜದ ನೋವುಗಳೆಲ್ಲ ಒಂದೇ ಅಲ್ಲ. ಕಫ್‌ನ ರಜ್ಜು ಸೆಳೆದಿದ್ದರೆ ಕೈಯನ್ನು ಪಕ್ಕಕ್ಕೆ ಎತ್ತುವಾಗ ತೋಳಿನ ಮೇಲ್ಭಾಗದ ಹೊರಬದಿಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಕೊರಳೆಲುಬು ಭುಜದ ತುದಿಯನ್ನು ಸೇರುವ ಕೀಲಿಗೆ ಪೆಟ್ಟಾಗಿದ್ದರೆ, ಹುಕ್ (ಮೊಣಕೈ ಮಡಿಸಿ ಪಕ್ಕದಿಂದ ಬೀಸುವ ಏಟು) ಹೊಡೆಯುವಂತೆ ಕೈಯನ್ನು ಎದೆಗೆ ಅಡ್ಡವಾಗಿ ತಂದಾಗ ನೋವು ಭುಜದ ನೆತ್ತಿಯ ಮೇಲೆ, ಒಂದು ಬೆರಳಿನಿಂದ ಒತ್ತಿ ತೋರಿಸುವಷ್ಟು ನಿಖರವಾದ ಜಾಗದಲ್ಲಿ ಬರುತ್ತದೆ. ಗುಳಿಯ ಅಂಚಿನ ಲೇಬ್ರಮ್ ಎಂಬ ಮೃದ್ವಸ್ಥಿಯ ಬಳೆ ಹರಿದಿದ್ದರೆ ಆಳದಲ್ಲಿ ಏನೋ ಸಿಕ್ಕಿಕೊಂಡು ಕಟಕ್ಕೆಂದು ಬಿಟ್ಟಂತೆ ಆಗಬಹುದು. ಆದರೆ ಇವು ವೈದ್ಯರ ಬಳಿ ವಿವರಿಸಲು ನೆರವಾಗುವ ಗುರುತುಗಳೇ ಹೊರತು ಮನೆಯಲ್ಲಿ ಕೂತು ತೀರ್ಮಾನಿಸುವುದಕ್ಕಲ್ಲ. ಭುಜದ ಆಕಾರವೇ ಬದಲಾಗಿದ್ದರೆ, ಬೆರಳುಗಳು ಜೋಮು ಹಿಡಿದಿದ್ದರೆ, ಕೈಯನ್ನು ಸ್ವಂತ ಬಲದಿಂದ ಎತ್ತಲು ಆಗದಿದ್ದರೆ, ಮರುದಿನದವರೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಉಳಿದ ನೋವುಗಳಿಗೂ ಮೂಳೆ ತಜ್ಞರನ್ನು ಒಮ್ಮೆ ಕಾಣಲೇಬೇಕು. ಚಿಗಟೇರಿ ಜಿಲ್ಲಾಸ್ಪತ್ರೆ, ಬಾಪೂಜಿ ಆಸ್ಪತ್ರೆಗಳಿರುವ ಊರಿನಲ್ಲಿ ಇದಕ್ಕೆ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಎಕ್ಸ್‌ರೇ ಸರಿಯಾಗಿದೆ ಎಂದ ಮಾತ್ರಕ್ಕೆ ಭುಜ ಸರಿಯಾಗಿದೆ ಎಂದಲ್ಲ ಎಂಬುದನ್ನೂ ನೆನಪಿಡಬೇಕು, ಏಕೆಂದರೆ ಅದರಲ್ಲಿ ಕಾಣುವುದು ಮುಖ್ಯವಾಗಿ ಮೂಳೆ. ಸ್ನಾಯುರಜ್ಜು ಕಾಣಬೇಕಾದರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು, ಅದರ ಅಗತ್ಯವಿದೆಯೇ ಇಲ್ಲವೇ ಎಂಬುದನ್ನು ವೈದ್ಯರೇ ಹೇಳುತ್ತಾರೆ.

ನಮ್ಮ ಕಡೆ ಭುಜ ಹಿಡಿದುಕೊಂಡು ಕೂತವನನ್ನು ಕಂಡರೆ ಎಣ್ಣೆ ಕಾಯಿಸಿ ತಿಕ್ಕಲು, ಕೈಯನ್ನು ಎಳೆದು ಕೀಲು ಕೂರಿಸಲು ನಾಲ್ಕು ಜನ ಮುಂದೆ ಬರುತ್ತಾರೆ. ಅವರ ಕಾಳಜಿಗೆ ಕೈ ಮುಗಿದು, ಭುಜವನ್ನು ಮಾತ್ರ ಅವರ ಕೈಗೆ ಕೊಡಬಾರದು. ಕೀಲು ತಪ್ಪಿದ ಭುಜವನ್ನು ತಿಳಿಯದವರು ಎಳೆದರೆ ನರಕ್ಕೂ ರಕ್ತನಾಳಕ್ಕೂ ಹಾನಿಯಾಗಬಹುದು, ಜೊತೆಯಲ್ಲಿ ಮೂಳೆ ಬಿರುಕು ಬಿಟ್ಟಿದ್ದರೆ ಅದು ಇನ್ನೂ ದೊಡ್ಡದಾಗಬಹುದು. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಟ್ಟು ತೆಗೆಯುವುದು, ರಾತ್ರಿ ಗಾಯವಾದ ಬದಿಗೆ ಮಲಗದೆ ಆ ತೋಳಿನ ಕೆಳಗೆ ಒಂದು ದಿಂಬು ಇಟ್ಟುಕೊಳ್ಳುವುದು, ಇಷ್ಟು ಸಾಕು.

ಎಷ್ಟು ದಿನ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸಣ್ಣ ಸೆಳೆತ ಕೆಲವು ವಾರಗಳಲ್ಲಿ ಮಾಯಬಹುದು; ಕೀಲು ತಪ್ಪಿದ್ದರೆ ಸ್ಪಾರಿಂಗ್‌ಗೆ ಮರಳಲು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಬೇಕು, ಅದರಲ್ಲೂ ಹದಿಹರೆಯದವರಲ್ಲಿ ಒಮ್ಮೆ ತಪ್ಪಿದ ಭುಜ ಮತ್ತೆ ತಪ್ಪುವ ಸಾಧ್ಯತೆ ಬಹಳ ಹೆಚ್ಚು; ಶಸ್ತ್ರಚಿಕಿತ್ಸೆಯಾಗಿದ್ದರೆ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು. 2015ರ ಮೇ ತಿಂಗಳಲ್ಲಿ ಅಮೆರಿಕದ ಬಾಕ್ಸರ್ ಮೇವೆದರ್ ಎದುರು ಆಡಿದ ಮೇಲೆ ಬಲಭುಜದ ಕಫ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಫಿಲಿಪೀನ್ಸ್‌ನ ಮ್ಯಾನಿ ಪ್ಯಾಕಿಯಾವೊ ಮತ್ತೆ ರಿಂಗ್ ಹತ್ತಿದ್ದು 2016ರ ಏಪ್ರಿಲ್‌ನಲ್ಲಿ. ಜಗತ್ತಿನ ಅತ್ಯುತ್ತಮ ವೈದ್ಯರು ಕೈಗೆಟುಕುವವನಿಗೇ ಅಷ್ಟು ಕಾಲ ಬೇಕಾಯಿತೆಂದ ಮೇಲೆ, ಮುಂದಿನ ತಿಂಗಳ ಜಿಲ್ಲಾ ಮಟ್ಟದ ಪಂದ್ಯಕ್ಕಾಗಿ ನಾವು ಆತುರಪಡುವುದರಲ್ಲಿ ಅರ್ಥವಿಲ್ಲ.

ಕಾಲು, ಸೊಂಟ, ಉಸಿರು

ಕೈಗೆ ಜೋಳಿಗೆ ಕಟ್ಟಿಕೊಂಡು ಕೂತಿದ್ದ ನನ್ನನ್ನು ನೋಡಿ ಪಕ್ಕದ ಗರಡಿಯ ವಯಸ್ಸಾದ ವಸ್ತಾದಿಯೊಬ್ಬರು, ‘ಭುಜ ಹೋದ್ರ ಕಾಲಿಗೇನಾಗೈತಿ ತಮ್ಮಾ?’ ಎಂದು ಕೇಳಿದ್ದರು. ಆಗ ಸಿಟ್ಟು ಬಂದಿತ್ತು. ಆದರೆ ಬಾಕ್ಸಿಂಗ್‌ನಲ್ಲಿ ಏಟು ಹುಟ್ಟುವುದು ಹಿಂಗಾಲಿನ ಉಂಗುಷ್ಠದ ಬುಡದಲ್ಲಿ. ಅದು ಸೊಂಟದಲ್ಲಿ ತಿರುಗಿ, ಬೆನ್ನನ್ನು ಹಾಯ್ದು, ಕೊನೆಯಲ್ಲಿ ಮಾತ್ರ ಭುಜಕ್ಕೆ ಬರುತ್ತದೆ. ಕಾಲು ಸೋಮಾರಿಯಾದವನ ಭುಜವೇ ಎಲ್ಲ ಕೆಲಸವನ್ನೂ ಹೊತ್ತು ಬೇಗ ಕೆಡುತ್ತದೆ, ಮತ್ತು ನನ್ನ ಭುಜವೂ ಬಹುಮಟ್ಟಿಗೆ ಹಾಗೆಯೇ ಕೆಟ್ಟಿತ್ತು.

ಕೈ ಜೋಳಿಗೆಯಲ್ಲಿರುವವರೆಗೆ ಓಡಬಾರದು, ಏಕೆಂದರೆ ಕುಲುಕಾಟಕ್ಕಿಂತ ಹೆಚ್ಚಾಗಿ ಎಡವಿ ಬೀಳುವ ಭಯವಿದೆ. ಬದಲಿಗೆ ಚುರುಕಾದ ನಡಿಗೆ, ಕಾಲೇಜು ಜಿಮ್ಮಿನಲ್ಲಿ ಸಿಗುವ ನಿಂತಲ್ಲೇ ತುಳಿಯುವ ಸೈಕಲ್, ಮೆಟ್ಟಿಲು ಹತ್ತುವುದು. ಕುಂದವಾಡ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಆರಕ್ಕೆ ಮೊದಲು ನಡೆದರೆ ಬೇಸಿಗೆಯಲ್ಲೂ ತಂಪಿರುತ್ತದೆ. ಏಪ್ರಿಲ್, ಮೇ ತಿಂಗಳ ದಾವಣಗೆರೆಯ ಬಿಸಿಲಿನಲ್ಲಿ ಎಂಟರ ಮೇಲೆ ಈ ಸಾಹಸ ಬೇಡ. ನಡಿಗೆಯನ್ನೂ ಬಾಕ್ಸಿಂಗ್‌ನ ಲೆಕ್ಕದಲ್ಲೇ ಮಾಡಬಹುದು: ಮೂರು ನಿಮಿಷ ಏದುಸಿರು ಬರುವಷ್ಟು ವೇಗವಾಗಿ, ಒಂದು ನಿಮಿಷ ನಿಧಾನವಾಗಿ, ಹೀಗೆ ಎಂಟು ಸುತ್ತು. ಜೋಳಿಗೆ ಹೋಗಿ, ವೈದ್ಯರು ಒಪ್ಪಿದ ಮೇಲೆ, ಅದೇ ಲೆಕ್ಕದಲ್ಲಿ ಓಟಕ್ಕೆ ಬದಲಾಗಬಹುದು.

ಗರಡಿಯ ಸಾಮಿನಲ್ಲಿ ಬಸ್ಕಿಯನ್ನು ಈ ಕಾಲದಲ್ಲಿ ಧಾರಾಳವಾಗಿ ಹೊಡೆಯಬಹುದು, ದಂಡವನ್ನು ಮಾತ್ರ ಮುಟ್ಟಬಾರದು. ದಂಡದಲ್ಲಿ ಎದೆ ನೆಲಕ್ಕಿಳಿದು ಮುಂದೆ ಜಾರುವಾಗ ಮೈಭಾರವೆಲ್ಲ ಭುಜದ ಮುಂಭಾಗದ ಮೇಲೆ ಬೀಳುತ್ತದೆ. ಗದೆ ತಿರುಗಿಸುವುದೂ ಹಾಗೆಯೇ, ಎಷ್ಟು ಹಗುರವಾದದ್ದಾದರೂ.

ಪಾದಚಲನೆಗೆ ಇದಕ್ಕಿಂತ ಒಳ್ಳೆಯ ಕಾಲ ಬೇರೆ ಸಿಗುವುದಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಕೂಡುವ ಗುರುತು (+) ಎಳೆದು, ನಿಲುವಿನಲ್ಲಿ ನಿಂತು, ಗಾಯವಾದ ಕೈಯನ್ನು ಹೊಟ್ಟೆಗೆ ಆನಿಸಿಕೊಂಡು, ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಒಂದೊಂದೇ ಹೆಜ್ಜೆ ಇಡುತ್ತ ಎರಡು ಪಾದಗಳ ನಡುವಿನ ಅಂತರ ಬದಲಾಗುತ್ತದೆಯೇ ಎಂದು ನೋಡಿಕೊಳ್ಳಿ. ನನ್ನದು ಬಲಕ್ಕೆ ಸರಿದಾಗಲೆಲ್ಲ ಅರ್ಧ ಅಡಿ ಕಿರಿದಾಗುತ್ತಿತ್ತು, ಎರಡು ವರ್ಷ ಆಡಿದರೂ ಅದು ಗೊತ್ತಾಗಿರಲಿಲ್ಲ. ತಲೆಯನ್ನು ತಪ್ಪಿಸುವ ಸ್ಲಿಪ್‌ಗೆ ಎರಡು ಕಂಬಗಳ ನಡುವೆ ಗದ್ದದ ಎತ್ತರಕ್ಕೆ ಹಗ್ಗ ಕಟ್ಟಿ, ಮೊಣಕಾಲು ಮಡಿಸಿ ಅದರ ಅಡಿಯಲ್ಲಿ ಅತ್ತಿತ್ತ ಹಾಯುತ್ತ ಮುನ್ನಡೆದರೆ ತೊಡೆ ಉರಿಯುತ್ತದೆ, ಭುಜಕ್ಕೆ ಏನೂ ಆಗುವುದಿಲ್ಲ.

ಒಂದೇ ಕೈಯ ಅಭ್ಯಾಸ

ಒಂದು ಕೈಗೆ ಮಾತ್ರ ವ್ಯಾಯಾಮ ಕೊಟ್ಟರೆ ಕೆಲಸವನ್ನೇ ಮಾಡದ ಇನ್ನೊಂದು ಕೈಗೂ ಸ್ವಲ್ಪ ಬಲ ಬರುತ್ತದೆ ಎಂಬುದನ್ನು ಯೇಲ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ 1894ರಲ್ಲಿಯೇ ಗುರುತಿಸಿದ್ದರು. ಸ್ನಾಯುವಿನ ಬಲದಲ್ಲಿ ನರಮಂಡಲದ ಪಾಲೂ ಇರುವುದೇ ಇದಕ್ಕೆ ಕಾರಣ. ಹೀಗಾಗಿ ಸರಿಯಿರುವ ಕೈಯನ್ನು ಸುಮ್ಮನೆ ಕೂರಿಸುವುದು ಎರಡು ಕೈಗೂ ನಷ್ಟ. ಬಲಭುಜ ಕೆಟ್ಟ ಆರ್ಥೊಡಾಕ್ಸ್ ನಿಲುವಿನವರು (ಎಡಗೈ, ಎಡಗಾಲು ಮುಂದಿಟ್ಟು ನಿಲ್ಲುವವರು) ಇಡೀ ಸುತ್ತನ್ನು ಮುಂಗೈಯ ನೇರ ಏಟಾದ ಜಾಬ್‌ನಲ್ಲೇ ಕಳೆಯಬಹುದು: ತಲೆಗೆ, ಹೊಟ್ಟೆಗೆ, ಎರಡೆರಡು, ಹೆಜ್ಜೆಯೊಂದಿಗೆ, ಹೆಜ್ಜೆಯಿಲ್ಲದೆ, ಹೊಡೆದು ಎಡಕ್ಕೆ ಸರಿದು. ಎಡಭುಜ ಕೆಟ್ಟವರಿಗೆ ನಿಲುವನ್ನೇ ಬದಲಿಸಿ, ಬಲಗೈ ಮುಂದಿಡುವ ಸೌತ್‌ಪಾ ಆಗುವ ಆಸೆ ಹುಟ್ಟುತ್ತದೆ. ವಾರಕ್ಕೆ ಕೆಲವು ಸುತ್ತು ಅದನ್ನು ಆಡಿ ನೋಡುವುದರಲ್ಲಿ ತಪ್ಪಿಲ್ಲವಾದರೂ, ಸ್ವಂತ ನಿಲುವಿನಲ್ಲೇ ನಿಂತು ಹಿಂಗೈಯನ್ನು ಸರಿಯಾಗಿ ಕಲಿಯುವುದು ಹೆಚ್ಚು ಲಾಭದಾಯಕ ಎಂಬುದು ನನ್ನ ಅಭಿಪ್ರಾಯ.

ಎರಡು ಎಚ್ಚರಿಕೆಗಳು ಬೇಕು. ಒಂದೇ ಕೈಯಲ್ಲಿ ಬ್ಯಾಗ್ ಹೊಡೆಯುವುದನ್ನು ವಾರಕ್ಕೆ ಮೂರು ದಿನಕ್ಕೆ, ದಿನಕ್ಕೆ ಮೂರು ನಾಲ್ಕು ಸುತ್ತಿಗೆ ಮಿತಿಗೊಳಿಸಬೇಕು, ಇಲ್ಲದಿದ್ದರೆ ಇದ್ದ ಒಂದು ಒಳ್ಳೆಯ ಭುಜವೂ ಕೆಡುತ್ತದೆ. ಎರಡನೆಯದಾಗಿ, ಗಾಯವಾದ ಕೈ ಅಭ್ಯಾಸಬಲದಿಂದ ತಾನಾಗಿಯೇ ಹಾರಿ ಹೋಗುತ್ತದೆ. ಜಾಬ್ ಆದ ಮೇಲೆ ಕ್ರಾಸ್ ಬರುವುದು ಯೋಚಿಸಿ ಮಾಡುವ ಕೆಲಸವಲ್ಲ. ಆ ಕೈಯ ಹೆಬ್ಬೆರಳನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಳ್ಳುವುದು ನಾನು ಕಂಡುಕೊಂಡ ಉಪಾಯ.

ಟ್ಯೂಬ್ ಪಟ್ಟಿ ಮತ್ತು ಗೋಡೆ

ಭುಜವನ್ನು ಮತ್ತೆ ಕಟ್ಟುವ ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ, ಅವರು ಅನುಮತಿಸಿದ ಮೇಲೆಯೇ ಇವನ್ನು ಶುರುಮಾಡಬೇಕು. ಇದಕ್ಕೆ ಬೇಕಾದ ರಬ್ಬರ್ ಪಟ್ಟಿ ಅಂಗಡಿಯಲ್ಲೂ ಸಿಗುತ್ತದೆ, ಆದರೆ ನಾನು ಬಳಸಿದ್ದು ಪಂಕ್ಚರ್ ಅಂಗಡಿಯಿಂದ ತಂದ ಹಳೆಯ ಸೈಕಲ್ ಟ್ಯೂಬನ್ನು. ವಾಲ್ವ್ ಇರುವ ತುಂಡನ್ನು ಕತ್ತರಿಸಿ ತೆಗೆದು, ಟ್ಯೂಬನ್ನು ಉದ್ದಕ್ಕೆ ಸೀಳಿ, ಒಳಗಿನ ಬಿಳಿಯ ಪುಡಿ ಹೋಗುವಂತೆ ಸೋಪಿನಲ್ಲಿ ತೊಳೆದು ಒಣಗಿಸಿದರೆ ಎರಡು ಬೆರಳಗಲದ ಪಟ್ಟಿ ಸಿದ್ಧ. ಅದರ ಒಂದು ತುದಿಯನ್ನು ಕಿಟಕಿಯ ಸರಳಿಗೆ ಮೊಣಕೈ ಎತ್ತರದಲ್ಲಿ ಕಟ್ಟಿ, ಸರಿಯಿರುವ ಭುಜ ಕಿಟಕಿಯ ಕಡೆಗೆ ಬರುವಂತೆ ನಿಂತು, ಗಾಯವಾದ ಕೈಯಿಂದ ಇನ್ನೊಂದು ತುದಿಯನ್ನು ಹಿಡಿಯಬೇಕು. ಕಂಕುಳಲ್ಲಿ ಸುತ್ತಿದ ಟವೆಲ್ ಇಟ್ಟು, ಮೊಣಕೈಯನ್ನು ಲಂಬಕೋನಕ್ಕೆ ಮಡಿಸಿ ಪಕ್ಕೆಗೆ ಒತ್ತಿಕೊಂಡು, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಬೇಕು. ಟವೆಲ್ ಕೆಳಗೆ ಬಿದ್ದರೆ ಮೊಣಕೈ ಪಕ್ಕೆಯನ್ನು ಬಿಟ್ಟಿದೆ ಎಂದರ್ಥ, ಆ ಸಲದ್ದನ್ನು ಎಣಿಸಬಾರದು. ಹೊರಕ್ಕೆ ಎಳೆಯಲು ಎರಡು ಎಣಿಕೆ ಸಾಕು, ಒಳಕ್ಕೆ ಬಿಡಲು ನಾಲ್ಕು ಎಣಿಕೆ ಬೇಕು. ಗಾಳಿಗೆ ಹೋದ ಏಟನ್ನು ತಡೆಯುವಾಗ ಈ ಸ್ನಾಯುಗಳು ಮಾಡಬೇಕಾದದ್ದು ಹೀಗೆ ಹಿಗ್ಗುತ್ತಲೇ ಹಿಡಿದುಕೊಳ್ಳುವ ಕೆಲಸವನ್ನೇ. ಪಟ್ಟಿಯನ್ನು ಫಟ್ಟೆಂದು ಬಿಟ್ಟುಬಿಡುವವರು ವ್ಯಾಯಾಮದ ಮುಖ್ಯಭಾಗವನ್ನೇ ಬಿಟ್ಟಂತೆ. ಹದಿನೈದರಂತೆ ಮೂರು ಸಲ, ದಿನ ಬಿಟ್ಟು ದಿನ.

ಗೋಡೆಯ ಕೆಲಸ ಇನ್ನೂ ಸರಳ. ಗೋಡೆಗೆ ಅಂಗೈ ಆನಿಸಿ ದಂಡದಂತೆ ಬಾಗಿ ಎದ್ದು, ಕೈ ನೆಟ್ಟಗಾದ ಮೇಲೂ ನಿಲ್ಲಿಸದೆ, ಬೆನ್ನಿನ ಮೇಲ್ಭಾಗ ಸ್ವಲ್ಪ ಉಬ್ಬುವವರೆಗೆ ಇನ್ನೊಂದು ಅಂಗುಲ ಒತ್ತಬೇಕು. ಆ ಕೊನೆಯ ಅಂಗುಲದಲ್ಲಿ ದುಡಿಯುವುದು ಪಕ್ಕೆಲುಬುಗಳಿಗೆ ಅಂಟಿಕೊಂಡಿರುವ ಸೆರಾಟಸ್ ಸ್ನಾಯು. ಮುಷ್ಟಿಯನ್ನು ಮುಂದಕ್ಕೆ ಚಾಚುವಾಗ ರೆಕ್ಕೆ ಮೂಳೆಯನ್ನು ಎದೆಗೂಡಿನ ಸುತ್ತ ಮುಂದಕ್ಕೆ ತರುವುದೇ ಅದರ ಕೆಲಸವಾದ್ದರಿಂದ ಅದನ್ನು ಬಾಕ್ಸರನ ಸ್ನಾಯು ಎಂದೇ ಕರೆಯುತ್ತಾರೆ. ಗೋಡೆ ಸುಲಭವಾದ ಮೇಲೆ ಮೇಜಿನ ಅಂಚು, ಅದಾದ ಮೇಲೆ ನೆಲ.

ವ್ಯಾಯಾಮದಲ್ಲಿ ಸ್ವಲ್ಪವೂ ನೋವು ಬರಬಾರದು ಎಂದೇನಿಲ್ಲ. ಹತ್ತರ ಲೆಕ್ಕದಲ್ಲಿ ಮೂರರೊಳಗಿದ್ದು, ಮರುದಿನ ಬೆಳಿಗ್ಗೆಯ ಹೊತ್ತಿಗೆ ಮೊದಲಿನಂತಾಗುವ ನೋವನ್ನು ಸಹಿಸಬಹುದು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವನ್ನು ಸಹಿಸಬಾರದು. ಈ ಲೆಕ್ಕವೆಲ್ಲ ನಿಜವಾಗಬೇಕಾದರೆ ಅಭ್ಯಾಸಕ್ಕೆ ಮೊದಲು ನೋವಿನ ಮಾತ್ರೆ ನುಂಗುವ ಚಾಳಿಯನ್ನು ಬಿಡಬೇಕು. ಮಾತ್ರೆ ನುಂಗಿದವನಿಗೆ ತಪ್ಪು ತಿಳಿಯುವುದು ಮಾತ್ರೆ ಇಳಿದ ಮೇಲೆ. ಊಟದ ವಿಷಯ ಚಿಕ್ಕದು: ತೂಕ ಏರೀತೆಂದು ಈ ಕಾಲದಲ್ಲಿ ಹೊಟ್ಟೆ ಕಟ್ಟಬಾರದು, ಗಾಯ ಮಾಯಲು ಮೊಟ್ಟೆ, ಬೇಳೆ, ಮೊಳಕೆ ಕಾಳು, ಹಾಲು ದಿನವೂ ಇರಬೇಕು. ಸಂಜೆಯ ಮಂಡಕ್ಕಿ-ಮಿರ್ಚಿಯನ್ನು ಪೂರ್ತಿ ಬಿಡಿ ಎಂದು ದಾವಣಗೆರೆಯವರಿಗೆ ಹೇಳುವ ಧೈರ್ಯ ನನಗಿಲ್ಲ. ಮಿರ್ಚಿ ಒಂದಕ್ಕೆ ನಿಲ್ಲಲಿ.

ಗಾಯದ ಕೈ ಮರಳುವ ಕ್ರಮ

ಕೈ ತಲೆಯ ಮೇಲಕ್ಕೂ ಬೆನ್ನ ಹಿಂದಕ್ಕೂ ನೋವಿಲ್ಲದೆ ಹೋಗಿ ಬರುವಂತಾದಾಗ, ವೈದ್ಯರ ಒಪ್ಪಿಗೆ ಪಡೆದು, ಮೊದಲು ಮಾಡಬೇಕಾದದ್ದು ಗಾರ್ಡ್ ಹಿಡಿದು, ಅಂದರೆ ಮುಖಕ್ಕೆ ರಕ್ಷಣೆಯಾಗಿ ಮುಷ್ಟಿಗಳನ್ನು ಎತ್ತಿ, ನಿಲ್ಲುವುದು. ಇದು ಅಭ್ಯಾಸವೇ ಅಲ್ಲವೆಂದು ನಗಬಾರದು, ವಾರಗಳ ನಂತರ ಮುಷ್ಟಿಯನ್ನು ಕೆನ್ನೆಯ ಎತ್ತರದಲ್ಲಿ ಮೂರು ನಿಮಿಷ ಹಿಡಿಯುವುದು ಭುಜಕ್ಕೆ ದೊಡ್ಡ ಕೆಲಸವೇ. 30 ಸೆಕೆಂಡಿನಿಂದ ಶುರುಮಾಡಿ, ಪೂರ್ತಿ ಸುತ್ತು ಹಿಡಿಯುವಂತಾದ ಮೇಲೆ ನಿಧಾನಗತಿಯ ಶ್ಯಾಡೋ: ಗ್ಲೌಸ್ ಇಲ್ಲದೆ, ಕೈಯನ್ನು ಮುಕ್ಕಾಲು ಭಾಗ ಮಾತ್ರ ಚಾಚಿ, ಭದ್ರಾ ಕಾಲುವೆಯ ನೀರಿನೊಳಗೆ ಕೈಯಾಡಿಸಿದಷ್ಟು ನಿಧಾನವಾಗಿ. ವೇಗದ ಶ್ಯಾಡೋ ಇಲ್ಲಲ್ಲ, ಅದು ಬಹಳ ಮುಂದೆ ಬರುತ್ತದೆ. ಇದರ ಮುಂದಿನ ಮೆಟ್ಟಿಲು ಬ್ಯಾಗು. ಒಬ್ಬರು ಬ್ಯಾಗನ್ನು ಹಿಂದಿನಿಂದ ಹಿಡಿದುಕೊಂಡಿರಬೇಕು, ನೇರ ಏಟುಗಳನ್ನು ಮಾತ್ರ ಬಲದ ಮೂರರಲ್ಲೊಂದು ಪಾಲಿನಲ್ಲಿ ತಾಗಿಸಬೇಕು, ನಿಮಿಷಗಳ ಬದಲು ಏಟುಗಳನ್ನು ಎಣಿಸಬೇಕು. ಮೊದಲ ದಿನ ನಲವತ್ತು ಸಾಕು. ನಮ್ಮ ಕೊಠಡಿಗಳಲ್ಲಿ ಚಿಂದಿಬಟ್ಟೆ, ಮರಳು ತುಂಬಿದ ಬ್ಯಾಗುಗಳೇ ಹೆಚ್ಚು, ಮರಳು ವರ್ಷಗಳಿಂದ ಕೆಳಗಿಳಿದು ತಳಭಾಗ ಕಲ್ಲಿನಂತಾಗಿರುತ್ತದೆ. ಮೊದಲು ಅಂಗೈಯಿಂದ ತಟ್ಟಿ ನೋಡಿ, ಮೆತ್ತಗಿರುವ ಮೇಲ್ಭಾಗಕ್ಕೆ ಮಾತ್ರ ಹೊಡೆಯಿರಿ.

ಹೊಡೆಸಿಕೊಳ್ಳಲು ಕೈಗೆ ಪ್ಯಾಡ್ ಹಿಡಿಯುವ ಕೋಚ್‌ಗೆ ಮೊದಲೇ ಒಂದು ಮಾತು ಹೇಳಿರಬೇಕು. ಹುಡುಗರ ಕಣ್ಣು ಚುರುಕಾಗಲಿ ಎಂದು ಕೊನೆಯ ಕ್ಷಣದಲ್ಲಿ ಪ್ಯಾಡನ್ನು ಸರಕ್ಕನೆ ಹಿಂದಕ್ಕೆಳೆಯುವ ಪದ್ಧತಿ ಹಲವರಲ್ಲಿದೆ. ಚೇತರಿಸುತ್ತಿರುವ ಭುಜಕ್ಕೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಪ್ಯಾಡ್ ಮುಂದೆ ಬಂದು ಏಟನ್ನು ಎದುರುಗೊಳ್ಳಬೇಕು. ಹುಕ್, ಕೆಳಗಿನಿಂದ ಮೇಲಕ್ಕೆ ಎತ್ತಿ ಹೊಡೆಯುವ ಅಪ್ಪರ್‌ಕಟ್‌ಗಳನ್ನು ನೇರ ಏಟುಗಳು ಎರಡು ವಾರ ನೋವಿಲ್ಲದೆ ಸಾಗಿದ ಮೇಲೆ ಸೇರಿಸಬೇಕು. ಗಾಯದ ಕೈಯ ಕೆಲಸವನ್ನು ಯಾವಾಗಲೂ ಅಭ್ಯಾಸದ ಆರಂಭದಲ್ಲೇ ಮುಗಿಸಬೇಕು, ದಣಿದ ಮೇಲೆ ಮೊಣಕೈ ಹೊರಕ್ಕೆ ಹಾರಿ ಕಫ್‌ನ ಮೇಲೆ ಭಾರ ಬೀಳುತ್ತದೆ. ಒಂದೊಂದು ಮೆಟ್ಟಿಲಿಗೂ ಕಡಿಮೆಯೆಂದರೆ ಒಂದು ವಾರ ಕೊಡಿ.

ಪೂರ್ಣ ವೇಗದ ಶ್ಯಾಡೋ ಮತ್ತು ಸ್ಪಾರಿಂಗ್‌ಗೆ ಮೊದಲು ಬಲವನ್ನು ಅಳೆದು ನೋಡಬೇಕು. ಪ್ರಯಾಣದ ಚೀಲ ತೂಗುವ ಕೊಕ್ಕೆಯ ತಕ್ಕಡಿಯನ್ನು ಟ್ಯೂಬ್ ಪಟ್ಟಿಯ ಬದಲು ಅದೇ ಕಿಟಕಿಯ ಸರಳಿಗೆ ಗಟ್ಟಿಯಾದ ದಾರದಿಂದ ಕಟ್ಟಿ, ಅದೇ ಭಂಗಿಯಲ್ಲಿ, ಜರ್ಕ್ ಕೊಡದೆ ಹೊರಕ್ಕೆ ಎಳೆದು, ಎಷ್ಟು ಕಿಲೋ ತೋರಿಸುತ್ತದೆ ಎಂದು ಎರಡೂ ಕೈಗಳಿಗೆ ಮೂರು ಮೂರು ಸಲ ಬರೆದುಕೊಳ್ಳಿ. ಗಾಯವಾದ ಕೈ ಇನ್ನೊಂದರ ಹತ್ತರಲ್ಲಿ ಒಂಬತ್ತು ಪಾಲನ್ನಾದರೂ ಎಳೆಯಬೇಕು. ನೋವು ಪೂರ್ತಿ ಹೋದ ದಿನ ನನ್ನ ಎಡಗೈ 10 ಕಿಲೋ ಎಳೆದರೆ ಬಲಗೈ 6 ಕಿಲೋ ಎಳೆದಿತ್ತು. ಆ ಅಂಕಿ ಕಣ್ಣೆದುರಿಗೆ ಇಲ್ಲದಿದ್ದರೆ ಅಂದೇ ಸಂಜೆ ರಿಂಗ್‌ಗೆ ಇಳಿಯುತ್ತಿದ್ದೆ.

ಸುತ್ತಿನ ನಡುವೆ ಭುಜ ಮತ್ತೆ ಸೆಳೆದರೆ ನಿಲ್ಲಿಸುವುದನ್ನು ಹೇಡಿತನವೆನ್ನುವವರು ಇದ್ದೇ ಇರುತ್ತಾರೆ. 2000ರ ಏಪ್ರಿಲ್ 1ರಂದು ಬರ್ಲಿನ್‌ನಲ್ಲಿ ಉಕ್ರೇನಿನ ಹೆವಿವೇಟ್ ಚಾಂಪಿಯನ್ ವಿತಾಲಿ ಕ್ಲಿಚ್ಕೊ ಒಂಬತ್ತು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಮುಂದಿದ್ದರು; ಎಡಭುಜದ ಕಫ್ ಹರಿದಿದ್ದರಿಂದ ಹತ್ತನೆಯ ಸುತ್ತಿಗೆ ಏಳಲಿಲ್ಲ, ಪ್ರಶಸ್ತಿ ಎದುರಾಳಿ ಕ್ರಿಸ್ ಬರ್ಡ್ ಪಾಲಾಯಿತು. ಟೀಕೆಗಳು ಬಂದವು. 2004ರಲ್ಲಿ ಅವರು ಮತ್ತೆ ಹೆವಿವೇಟ್ ವಿಶ್ವ ಚಾಂಪಿಯನ್ ಆದರು.

ಮೊದಲ ಸ್ಪಾರಿಂಗ್‌ಗೆ ನಿಮಗಿಂತ ಅನುಭವಿಯಾದ, ಸಂಯಮವುಳ್ಳ ಜೊತೆಗಾರರನ್ನು ಆರಿಸಿಕೊಂಡು, ಎರಡೆರಡು ನಿಮಿಷದ ಎರಡು ಸುತ್ತು, ಇಬ್ಬರೂ ಜಾಬ್ ಮಾತ್ರ, ತೆಕ್ಕೆ ಬೀಳುವುದಿಲ್ಲ ಎಂದು ಮೊದಲೇ ಮಾತಾಡಿಕೊಳ್ಳಿ. ಕೀಲು ತಪ್ಪಿದ್ದ ಭುಜಕ್ಕೆ ತೆಕ್ಕೆಯಲ್ಲಿ ಕೈ ಮೇಲಕ್ಕೂ ಹಿಂದಕ್ಕೂ ತಿರುಚಿಕೊಳ್ಳುವುದೇ ದೊಡ್ಡ ಅಪಾಯ. ಮುಗಿದ ಕೂಡಲೇ ಭುಜ ಹೇಗಿದೆ ಎಂದು ಕೇಳಿಕೊಳ್ಳುವುದರಿಂದ ಪ್ರಯೋಜನವಿಲ್ಲ, ಮೈ ಬಿಸಿಯಿರುವಾಗ ಎಲ್ಲವೂ ಸರಿಯಾಗಿಯೇ ಇರುತ್ತದೆ. ಮರುದಿನ ಬೆಳಿಗ್ಗೆ ಅಂಗಿ ತೊಡುವಾಗ ಗಾಯವಾದ ಕೈಯನ್ನು ಎರಡನೆಯದಾಗಿ ತೂರಿಸಿ ನೋಡಿ. ಕೈ ಹಿಂದಕ್ಕೆ ಹೋಗಿ ತೋಳನ್ನು ಹುಡುಕುವಾಗ ಭುಜ ಚುಚ್ಚಿದರೆ, ಒಂದು ಮೆಟ್ಟಿಲು ಕೆಳಗಿಳಿದು ಇನ್ನೊಂದು ವಾರ ಪ್ಯಾಡ್‌ನಲ್ಲೇ ಇರಿ.